ಜಮೀನಿನೊಳಗಿನ ಸೂಕ್ಷ್ಮ ನೆಲೆಗಳನ್ನು ರೈತರೇ ಕಾಪಾಡುವುದು ಹೇಗೆ?

ತೊರೆಯ ದಂಡೆ, ಒರತೆ ಜಿನುಗುವ ಜೌಗು, ಬಂಡೆಗಳ ನಡುವಿನ ಕುರುಚಲು, ಎಂದೂ ನೇಗಿಲು ಕಾಣದ ಹುಲ್ಲುಗಾವಲಿನ ತುಂಡು ಇವೆಲ್ಲ ಇಳುವರಿಯ ಲೆಕ್ಕದಲ್ಲಿ ಪಾಳು ಎನಿಸಿಕೊಳ್ಳುತ್ತವೆ. ಆದರೆ ಉತ್ತ ನೆಲದಲ್ಲಿ ಬಾಳಲಾರದ ಗಿಡಗಳಿಗೂ ಜೀವಿಗಳಿಗೂ ಉಳಿದಿರುವ ಆಸರೆ ಬಹುಪಾಲು ಇವೇ. ಕಾನೂನಿನ ಒತ್ತಾಯವಿಲ್ಲದೆ ಇವನ್ನು ಉಳಿಸಿಕೊಳ್ಳಲು ಬಯಸುವವರು ಸಸಿ ನೆಡುವ ಆತುರವನ್ನು ಬಿಟ್ಟು, ಈಗಾಗಲೇ ಏನಿದೆ ಎಂಬುದನ್ನು ತಿಳಿಯುವುದರಿಂದ ಕೆಲಸ ಆರಂಭಿಸಬೇಕು.

ಮೊದಲಿಗೆ ಜಮೀನಿನ ಕೈನಕ್ಷೆಯೊಂದನ್ನು ಬರೆದುಕೊಂಡು, ಒಂದು ವರ್ಷದ ಎಲ್ಲ ಋತುಗಳಲ್ಲಿಯೂ ಸುತ್ತಾಡಿ, ನೀರು ಎಲ್ಲಿ ನಿಲ್ಲುತ್ತದೆ, ತೇವ ಎಲ್ಲಿ ಕೊನೆಯವರೆಗೆ ಉಳಿಯುತ್ತದೆ, ಪೊಟರೆಗಳಿರುವ ಹಳೆಯ ಮರಗಳು ಯಾವುವು ಎಂಬುದನ್ನು ಗುರುತು ಹಾಕಬೇಕು. ಬೇಸಿಗೆಯಲ್ಲಿ ಒಣಗುವ ಹೊಂಡವನ್ನು ನಿರುಪಯುಕ್ತವೆಂದು ಮುಚ್ಚುವುದು ದೊಡ್ಡ ನಷ್ಟ. ಅದು ಒಣಗುವುದರಿಂದಲೇ ಅಲ್ಲಿ ಮೀನು ಉಳಿಯುವುದಿಲ್ಲ, ಮೀನಿಲ್ಲದ ಕಾರಣ ಕಪ್ಪೆಗಳ ಮೊಟ್ಟೆ, ಗೊದಮೊಟ್ಟೆಗಳು ಬದುಕಿಕೊಳ್ಳುತ್ತವೆ.

ನೆಲೆ ಗೊತ್ತಾದ ಮೇಲೆ ಅದಕ್ಕೂ ಬೆಳೆಗೂ ನಡುವೆ ಕಾಪುಪಟ್ಟಿಯನ್ನು ಬಿಡಬೇಕು. ತೊರೆಯ ಅಂಚಿನಲ್ಲಿ ಸುಮಾರು 10 ಮೀಟರ್ ಅಗಲಕ್ಕೆ ದಟ್ಟವಾದ ಹುಲ್ಲಿದ್ದರೂ ಹೊಲದಿಂದ ಹರಿದುಬರುವ ಹೂಳಿನ ಬಹುಭಾಗ ಅಲ್ಲಿಯೇ ತಂಗುತ್ತದೆ. ಇಳಿಜಾರು ಕಡಿದಾಗಿದ್ದರೆ, ಅಥವಾ ಹಕ್ಕಿಗಳಿಗೂ ನೆಲೆ ಸಿಗಬೇಕೆಂದಿದ್ದರೆ, 30 ಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ಬೇಕಾದೀತು. ಈ ಪಟ್ಟಿಯಲ್ಲಿ ಗೊಬ್ಬರ ಎರಚಬಾರದು, ಕೀಟನಾಶಕ ಸಿಂಪಡಿಸಬಾರದು. ಗಾಳಿ ಆ ದಿಕ್ಕಿಗೆ ಬೀಸುವಾಗ ಪಕ್ಕದ ಬೆಳೆಗೂ ಸಿಂಪರಣೆ ಬೇಡ.

ದನಕರುಗಳ ವಿಷಯದಲ್ಲಿ ವಿವೇಚನೆ ಅಗತ್ಯ. ಗೊರಸಿನ ತುಳಿತಕ್ಕೆ ತೊರೆಯ ದಂಡೆ ಕುಸಿಯುವುದರಿಂದ ಅಲ್ಲಿ ಬೇಲಿ ಹಾಕಿ, ನೀರಿನ ತೊಟ್ಟಿಯನ್ನು ದೂರದಲ್ಲಿ ಕಟ್ಟಿಸಬೇಕು. ಬೇಲಿಯ ಕೆಳಗಿನ ಎಳೆಗೆ ಮುಳ್ಳಿಲ್ಲದ ತಂತಿಯನ್ನೇ ಬಳಸಿ, ನೆಲದಿಂದ ತುಸು ಎತ್ತರಿಸಿದರೆ ಸಣ್ಣ ಪ್ರಾಣಿಗಳು ಗಾಯವಿಲ್ಲದೆ ನುಸುಳುತ್ತವೆ. ಹುಲ್ಲುಗಾವಲಿನಲ್ಲಿ ಮಾತ್ರ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಪೊದೆಗಳು ಆವರಿಸಿಕೊಳ್ಳಬಹುದು. ಆದ್ದರಿಂದ ಹುಲ್ಲು ಬೀಜ ಉದುರಿಸಿದ ನಂತರ ಅಲ್ಪಕಾಲ ಮೇಯಿಸುವುದು ಒಳ್ಳೆಯದು.

ಲಂಟಾನದಂತಹ ಆಕ್ರಮಣಕಾರಿ ಕಳೆಯನ್ನು ಕಂಡೊಡನೆ ಅದು ಅತಿ ದಟ್ಟವಾಗಿರುವಲ್ಲಿಗೇ ನುಗ್ಗಬೇಕೆನಿಸುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1960ರ ದಶಕದಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸಹೋದರಿಯರು ಇದಕ್ಕೆ ವಿರುದ್ಧವಾದ ಕ್ರಮವನ್ನು ರೂಢಿಸಿದರು. ಕಳೆ ವಿರಳವಾಗಿರುವ, ಸ್ಥಳೀಯ ಸಸ್ಯಗಳು ಗಟ್ಟಿಯಾಗಿರುವ ಕಡೆಯಿಂದ ಕೈಯಲ್ಲಿ ಕಿತ್ತುಕೊಂಡು, ಮಣ್ಣನ್ನು ಆದಷ್ಟು ಕದಡದೆ, ಸ್ಥಳೀಯ ಸಸ್ಯಗಳು ತೆರವಾದ ಜಾಗವನ್ನು ತುಂಬಿಕೊಳ್ಳುವ ವೇಗಕ್ಕೆ ತಕ್ಕಂತೆ ಮುಂದುವರಿಯಬೇಕು. ಸಣ್ಣ ಹಿಡುವಳಿಗೆ ಇದಕ್ಕಿಂತ ಹೊಂದುವ ಕ್ರಮ ನನಗೆ ಕಾಣುವುದಿಲ್ಲ.

ಹೀಗೆ ಮಾಡಿದ ಮೇಲೂ ತಾನಾಗಿ ಏನೂ ಚಿಗುರದಿದ್ದರೆ ಮಾತ್ರ ಆ ಪರಿಸರದ್ದೇ ಸಸಿಗಳನ್ನು ನೆಡಬಹುದು. ಸಹಜ ಹುಲ್ಲುಗಾವಲಿನಲ್ಲಿ ಮರ ನೆಡುವುದಂತೂ ಸಂರಕ್ಷಣೆಯಲ್ಲ. ನೆರಳು ಬಿದ್ದಂತೆ ಬಿಸಿಲನ್ನೇ ನಂಬಿದ ಹುಲ್ಲು, ನೆಲಗೂಡಿನ ಹಕ್ಕಿಗಳು ಅಲ್ಲಿಂದ ಮರೆಯಾಗುತ್ತವೆ.

ಪ್ರತಿ ವರ್ಷ ಅದೇ ಋತುವಿನಲ್ಲಿ, ಅದೇ ಗೂಟದ ಬಳಿ ನಿಂತು, ಅದೇ ದಿಕ್ಕಿಗೆ ಫೋಟೊ ತೆಗೆದಿಟ್ಟುಕೊಂಡರೆ ಬದಲಾವಣೆ ತಿಳಿಯುತ್ತದೆ.

ಮಾಲೀಕರು ಬದಲಾದರೂ ನೆಲೆ ಉಳಿಯಬೇಕೆಂದರೆ ಸಂರಕ್ಷಣೆಯ ಹೊಣೆ ಹೊರುವ ಸಂಸ್ಥೆ ಅಥವಾ ಇಲಾಖೆಯೊಂದಿಗೆ ಬರಹದ ಒಪ್ಪಂದ ಬೇಕು. ಕೆಲವು ವರ್ಷಗಳ ನಿರ್ವಹಣಾ ಒಪ್ಪಂದ ಸುಲಭ, ಆದರೆ ಅವಧಿಯೊಂದಿಗೆ ಮುಗಿಯುತ್ತದೆ. ಅಮೆರಿಕ, ಕೆನಡಾದಂತಹ ದೇಶಗಳಲ್ಲಿ ಜಮೀನಿನ ಹಕ್ಕಿಗೇ ಅಂಟಿಕೊಂಡು ಮುಂದಿನ ಮಾಲೀಕರನ್ನೂ ಬದ್ಧಗೊಳಿಸುವ ಸಂರಕ್ಷಣಾ ಕರಾರುಗಳಿವೆ. ಯಾವುದನ್ನು ಆರಿಸಿಕೊಂಡರೂ ಸಹಿ ಹಾಕುವ ಮುನ್ನ ಗಡಿ, ನಿಷಿದ್ಧ ಕೆಲಸಗಳು, ಬೇಲಿಯ ಖರ್ಚು ಯಾರದು, ಪರಿಶೀಲನೆಗೆ ಯಾರು, ಯಾವಾಗ ಬರುತ್ತಾರೆ ಎಂಬುದನ್ನು ಸ್ಪಷ್ಟವಾಗಿ ಬರೆಸಿಕೊಂಡು, ಮನೆಯವರೆಲ್ಲರ ಎದುರು ಓದಿಸಬೇಕು.