ಯಾವ ಎಣ್ಣೆ ಹಚ್ತೀರ ಅಂತ ವಿಗ್ ನೋಡಿ ಕೇಳಿದರೆ

ಕ್ಯಾನ್ಸರಿನ ಕಿಮೋಥೆರಪಿಗೆ ಡಾಕ್ಸೋರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಿ ಬರೆದಿದ್ದರೆ ಕೂದಲು ಹೋಗುವುದು ಬಹುತೇಕ ಖಚಿತ. ಸಾಮಾನ್ಯವಾಗಿ ಮೊದಲ ಡೋಸ್ ಆದ 2-3 ವಾರಕ್ಕೆ ಕೈಗೆ ಬರತೊಡಗುತ್ತದೆ. ಆದ್ದರಿಂದ ವಿಗ್ ಅಂಗಡಿಗೆ ಮೊದಲೇ ಹೋಗಿ, ಬಣ್ಣ ಹೋಲಿಸಲು ತಲೆಯ ಮೇಲೆ ಸ್ವಂತ ಕೂದಲು ಇರುವಾಗಲೇ. ಕೂದಲನ್ನು ಒತ್ತಿ ಬಾಚಿ, ಟೇಪನ್ನು ಹಣೆಯ ಅಂಚಿನಿಂದ ಕಿವಿಯ ಮೇಲ್ಭಾಗ ದಾಟಿಸಿ ಕತ್ತಿನ ಹಿಂದಿನ ಗುಳಿಗೆ ತಂದು ಸುತ್ತಳತೆ ತೆಗೆಯಬೇಕು. ಹೆಚ್ಚಿನ ಹೆಂಗಸರಿಗೆ 21.5ರಿಂದ 22.5 ಇಂಚು ಬರುತ್ತದೆ. ಕೂದಲು ಹೋದಮೇಲೆ ಇದೇ ತಲೆ ಚಿಕ್ಕದಾಗುತ್ತದೆ, ಹಾಗಾಗಿ ಒಳಗೆ ಹಿಂಬದಿಯಲ್ಲಿ ಬಿಗಿಮಾಡುವ ಪಟ್ಟಿ ಇಲ್ಲದ ವಿಗ್ ಬೇಡ.

ತಲೆ ಬೋಳಿಸಲು ಬ್ಲೇಡ್ ಬೇಡ, ಟ್ರಿಮ್ಮರ್ ಸಾಕು. ಬಿಳಿ ರಕ್ತಕಣ ಕಡಿಮೆ ಇರುವಾಗ ಸಣ್ಣ ಗೀರಿಗೂ ಸೋಂಕು ತಗಲಬಹುದು. ಉಳಿದ ಮೋಟುಗೂದಲು ದಿಂಬಿಗೆ ಒತ್ತಿದರೆ ಚುಚ್ಚುತ್ತದೆ. ಬಟ್ಟೆಯ ಮೇಲಿನ ನೂಲು ತೆಗೆಯುವ ಅಂಟು ರೋಲರನ್ನು ತಲೆ ಮೇಲೆ ಮೆಲ್ಲಗೆ ಉರುಳಿಸಿದರೆ ಸಡಿಲವಾದದ್ದೆಲ್ಲ ಅದಕ್ಕೆ ಹತ್ತಿಕೊಳ್ಳುತ್ತದೆ. ಈ ಕೆಲಸ ಮನೆಯ ಮಕ್ಕಳಿಗೆ ವಹಿಸಿ. ಅವರಿಗೆ ಇದು ಆಟ, ನಿಮ್ಮ ಅಳುಮೋರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಸಲಿ ಕೂದಲಿನದೋ ಸಿಂಥೆಟಿಕ್ಕೋ? ಆರೇಳು ತಿಂಗಳ ಮಟ್ಟಿಗಾದರೆ ನನ್ನ ಓಟು ಸಿಂಥೆಟಿಕ್‌ಗೆ. ಬೆಲೆ ಕಡಿಮೆ, ತೊಳೆದ ಮೇಲೂ ಆಕಾರ ಹೋಗದು. ಅಸಲಿಯಲ್ಲೂ ಎರಡು ಬಗೆ. ಮುಡಿ ಕೊಟ್ಟ ಕೂದಲಿನಲ್ಲಿ ಬುಡವೆಲ್ಲ ಒಂದೇ ಕಡೆ ಇರುವಂತೆ ಜೋಡಿಸಬಹುದು. ಬಾಚಣಿಗೆಗೆ ಸಿಕ್ಕಿದ ಉಂಡೆಗೂದಲಿನಲ್ಲಿ ಬುಡ-ತುದಿ ಬೆರೆತಿರುತ್ತದೆ. ಕೊಪ್ಪಳದ ಭಾಗ್ಯನಗರದಲ್ಲಿ ಇಂಥದನ್ನು ಬಿಡಿಸಿ, ಹೆಕ್ಕಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವುದೇ ದೊಡ್ಡ ಕಸುಬು. ಬೆರೆತ ಕೂದಲು ಗಂಟಾಗದಿರಲಿ ಎಂದು ಮೇಲ್ಪದರವನ್ನು ರಾಸಾಯನಿಕದಿಂದ ತೆಗೆದು ಸಿಲಿಕೋನ್ ಹೊದಿಸುತ್ತಾರೆ. ಕೆಲವು ಸಲ ತೊಳೆದರೆ ಆ ಹೊಳಪು ಹೋಗಿ ಸಿಕ್ಕು ಶುರು. ಅಂಗಡಿಯಲ್ಲಿ ಒಂದು ಎಳೆಗೊಂಚಲನ್ನು ಎರಡು ಬೆರಳಲ್ಲಿ ಹಿಡಿದು ತುದಿಯಿಂದ ಬುಡದ ಕಡೆಗೆ ಸವರಿ ನೋಡಿ. ಆ ದಿಕ್ಕಿನಲ್ಲಿ ಮಾತ್ರ ಸ್ವಲ್ಪ ತರಕಲು ಸಿಕ್ಕಿದರೆ ಒಳ್ಳೆಯ ಲಕ್ಷಣ. ಎರಡೂ ಕಡೆ ರೇಷ್ಮೆಯಂತೆ ಜಾರಿದರೆ ಅದು ಸಿಲಿಕೋನಿನ ಮಹಿಮೆ. ಅಸಲಿ ಕೂದಲಿನ ವಿಗ್ಗಿಗೆ ಇನ್ನೊಂದು ಲಾಭವಿದೆ. “ತಿರುಪತಿಗೆ ಹೋಗಿದ್ರಾ?” ಅಂದವರಿಗೆ “ಎಲ್ರೂ ಕೊಟ್ಟು ಬರ್ತಾರೆ, ನಾನು ತಗೊಂಡು ಬಂದೆ” ಎನ್ನಬಹುದು.

ಹಾಕುವಾಗ ಮುಂದಿನ ಅಂಚು ಹುಬ್ಬಿನಿಂದ ನಾಲ್ಕು ಬೆರಳು ಮೇಲಿರಲಿ. ಎರಡು ಕಿವಿಯ ಮುಂದೆಯೂ ಪುಟ್ಟ ನಾಲಗೆಯಂಥ ಪಟ್ಟಿ ಇರುತ್ತದೆ. ಅವು ಸಮನಾಗಿ ಕೂತರೆ ಬೈತಲೆ ನೆಟ್ಟಗಿದೆ ಎಂದರ್ಥ. ಲೇಬಲ್ ಕತ್ತಿನ ಕಡೆ. ಕರೆಗಂಟೆ ಬಾರಿಸಿದ ಗಡಿಬಿಡಿಯಲ್ಲಿ ಲೇಬಲ್ ಹಣೆಗೆ ಬಂದರೆ ಕೊರಿಯರ್ ಹುಡುಗ ಪಾರ್ಸೆಲ್ ಕೊಡುವುದನ್ನೇ ಮರೆಯುತ್ತಾನೆ. ಚೂಡಿದಾರ ತೊಟ್ಟ ಮೇಲೆಯೇ ವಿಗ್, ಮುಂಚೆ ಹಾಕಿದರೆ ಅದೂ ಬಟ್ಟೆಯೊಂದಿಗೇ ಬರುತ್ತದೆ.

ಬೋಳು ತಲೆಯ ಮೇಲೆ ಹಿಡಿತವೇ ಇಲ್ಲದ್ದರಿಂದ ವಿಗ್ ಜಾರುತ್ತದೆ. ಒಳಗೆ ಮಖಮಲ್ಲಿನ ಪಟ್ಟಿ ಕಟ್ಟಿದರೆ ಬಹುಪಾಲು ಸರಿಹೋಗುತ್ತದೆ. ಬೇಸಗೆಯಲ್ಲಿ ವಿಗ್ಗಿನ ಒಳಗೆ ತೆಳು ಕಾಟನ್ ಟೋಪಿ ಹಾಕಿ, ಚೀಲದಲ್ಲಿ ಇನ್ನೊಂದು ಇಟ್ಟುಕೊಳ್ಳಿ. ಹೆಲ್ಮೆಟ್ ಇದಕ್ಕೆ ಶತ್ರು: ಅದರ ಒಳಪದರ ವಿಗ್ಗನ್ನು ತಲೆಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ತೆಗೆಯುವಾಗ ಎರಡೂ ಹೆಬ್ಬೆರಳು ಒಳತೂರಿಸಿ ಕಿವಿಯ ಮೇಲ್ಗಡೆ ವಿಗ್ ಒತ್ತಿಹಿಡಿಯಬೇಕು. ಮರೆತರೆ ಸಿಗ್ನಲ್ಲಿನಲ್ಲಿ ಹೆಲ್ಮೆಟ್ಟಿಗೆ ಕೂದಲು, ನಿಮಗೆ ಗಾಳಿ. ನಾನಂತೂ ಸ್ಕಾರ್ಫ್ ಕಟ್ಟಿ ಹೆಲ್ಮೆಟ್ ಹಾಕಿ, ವಿಗ್ಗನ್ನು ಡಬ್ಬಿಯಲ್ಲಿ ಒಯ್ಯುತ್ತೇನೆ.

ಅಡುಗೆಮನೆಗೆ ಸಿಂಥೆಟಿಕ್ ವಿಗ್ ಹಾಕಿ ಹೋಗಲೇಬಾರದು. ಕುಕ್ಕರ್ ತೆರೆದಾಗಿನ ಹಬೆಗೆ ಮುಂಗುರುಳ ಎಳೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಮತ್ತೆ ಮೊದಲಿನಂತಾಗುವುದು ಕಷ್ಟ. ತೊಳೆಯಲು ತಣ್ಣೀರು, ಒಂದು ಮುಚ್ಚಳ ಶಾಂಪೂ. ಐದು ನಿಮಿಷ ಮುಳುಗಿಸಿ, ತಿಕ್ಕದೆ ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಸ್ಟ್ಯಾಂಡ್ ಅಥವಾ ಎತ್ತರದ ಬಾಟಲಿ ಮೇಲೆ ನೆರಳಲ್ಲಿ ಒಣಗಿಸುವುದು. ಒದ್ದೆಯಲ್ಲಿ ಬಾಚಿದರೆ ಎಳೆ ಹಿಗ್ಗುತ್ತದೆ. “ಇಷ್ಟು ಚೆನ್ನಾಗಿದೆಯಲ್ಲ, ಯಾವ ಎಣ್ಣೆ ಹಚ್ತೀರ?” ಎಂದು ಮದುವೆಮನೆಯಲ್ಲಿ ಕೇಳಿದರೆ, “ಎಣ್ಣೆ ಇಲ್ಲಮ್ಮ, ರಾತ್ರಿ ಬಕೆಟ್ಟಿಗೆ ಹಾಕ್ತೀನಿ, ಬೆಳಿಗ್ಗೆ ಬಾಟಲಿಗೆ” ಎಂದು ಸತ್ಯವನ್ನೇ ಹೇಳಬಹುದು. ಈ ನಗೆ ನಿಮ್ಮ ಬಾಯಿಂದಲೇ ಮೊದಲು ಬರಲಿ. ಬೇರೆಯವರು ಶುರುಮಾಡಿದರೆ ಅದೇ ಮಾತು ಚುಚ್ಚುತ್ತದೆ.

ಮಲ್ಲಿಗೆ ಮುಡಿಯಬಹುದು, ಆದರೆ ಒಂದು ಗೇಣು ಸಾಕು. ಮೊಳ ಹಾಕಿದರೆ ಹಿಂಭಾರಕ್ಕೆ ಮುಂದಿನ ಅಂಚು ಮೇಲೇರಿ ಹಣೆ ಅಗಲವಾಗುತ್ತದೆ. ಪಿನ್ನನ್ನು ಕೂದಲು ಹೊಲಿದಿರುವ ಸಾಲಿಗೇ ಸಿಕ್ಕಿಸಿ, ಬಲೆಗೆ ಚುಚ್ಚಿದರೆ ಹರಿಯುತ್ತದೆ. ಜುಟ್ಟಿಗೆ ಮಲ್ಲಿಗೆ ಹೂವು ಬೇರೆ ಕೇಡು ಎಂದು ಆಡಿಕೊಂಡವರಿಗೆ, ಜುಟ್ಟನ್ನೂ ಹೂವಿನ ಹಾಗೆ ದುಡ್ಡು ಕೊಟ್ಟೇ ತಂದಿದ್ದೇನೆ ಎನ್ನಿ.

ಕಿಮೋ ಮುಗಿದು 1-3 ತಿಂಗಳಲ್ಲಿ ಹೊಸ ಕೂದಲು ಚಿಗುರುತ್ತದೆ, ಕೆಲವರಿಗೆ ಗುಂಗುರಾಗಿ. ಅದು ಬೆಳೆದಷ್ಟೂ ವಿಗ್ ಮೇಲಕ್ಕೆ ಏರುತ್ತದೆ. ಆಗ ಹಿಂದಿನ ಪಟ್ಟಿಯನ್ನು ಒಂದು ಕೊಂಡಿ ಸಡಿಲಿಸಬೇಕು.