ಕನ್ನಡ ಮಹಾಪ್ರಬಂಧದ ಪುಟಗಳನ್ನು ನಾನೇ ಹೊಂದಿಸಿಕೊಂಡ ಬಗೆ

ಮುಂಬೈಯ ಡಿಟಿಪಿ ಅಂಗಡಿಗಳಲ್ಲಿ ಮರಾಠಿ, ಗುಜರಾತಿ, ಇಂಗ್ಲಿಷ್ ಕೆಲಸ ಸಲೀಸಾಗಿ ಆಗುತ್ತದೆ. ಕನ್ನಡ ಓದಬಲ್ಲವರು ಸಿಗುವುದು ಕಷ್ಟ. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದ ಕನ್ನಡ ವಿಭಾಗದಲ್ಲಿ ಪಿಎಚ್‌ಡಿ ಸಂಶೋಧನೆ ಮಾಡುವವರು ಪುಟವಿನ್ಯಾಸವನ್ನು ಕೊನೆಯ ವಾರಕ್ಕೆ ಬಿಡಬಾರದು ಎನ್ನುವುದು ಇದಕ್ಕೇ. ನಾನು ಮೊದಲ ಅಧ್ಯಾಯಕ್ಕೂ ಮುಂಚೆ ವರ್ಡ್‌ನಲ್ಲಿ ಒಂದು ಖಾಲಿ ಕಡತ ಸಿದ್ಧಮಾಡಿಕೊಂಡೆ: ಎ4 ಹಾಳೆ, ಬೈಂಡಿಂಗ್ ಬೀಳುವ ಎಡಕ್ಕೆ ಒಂದೂವರೆ ಇಂಚು ಅಂಚು, ಉಳಿದ ಮೂರು ಕಡೆ ಒಂದೊಂದು ಇಂಚು. ನಿಮ್ಮ ವಿಶ್ವವಿದ್ಯಾಲಯ ಬೇರೆ ಅಳತೆ ಹೇಳಿದ್ದರೆ ಅದನ್ನೇ ಹಾಕಿ.

ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್, ಅಂದರೆ ಅಕ್ಷರಗಳು ಒಂದಕ್ಕೊಂದು ಕೂಡಿ ರೂಪ ಬದಲಿಸುವ ಲಿಪಿ, ಎಂದು ಪರಿಗಣಿಸುತ್ತದೆ. ಸ್ಟೈಲ್‌ನಲ್ಲಿ (ಫಾಂಟ್, ಗಾತ್ರ, ಅಂತರಗಳನ್ನು ಒಟ್ಟಿಗೆ ಹೆಸರಿಟ್ಟು ಉಳಿಸಿಕೊಳ್ಳುವ ವ್ಯವಸ್ಥೆ) 13 ಪಾಯಿಂಟ್ ಕೊಟ್ಟರೂ ಇಂಗ್ಲಿಷ್ ಅಕ್ಷರ ಮಾತ್ರ ಬದಲಾಗಿ ಕನ್ನಡ ಇದ್ದಂತೆಯೇ ಉಳಿಯುವುದು ಇದರಿಂದಲೇ. ಸ್ಟೈಲ್‌ನ ಫಾಂಟ್ ಕಿಟಕಿ ತೆರೆದು ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬಲ್ಲಿಯೂ ಫಾಂಟ್, ಗಾತ್ರ, ಬೋಲ್ಡ್ ತುಂಬಬೇಕು. ಆ ಭಾಗವೇ ಕಾಣದಿದ್ದರೆ ಎಡಿಟಿಂಗ್ ಭಾಷೆಗಳಿಗೆ ಕನ್ನಡ ಸೇರಿಸಿ. ಸಾಲಿನ ಅಂತರ 1.5 ಇರಲಿ, ಎಕ್ಸಾಕ್ಟ್ಲಿ ಎಂಬ ಆಯ್ಕೆ ಬೇಡ. ಅದರಲ್ಲಿ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ.

ಶೀರ್ಷಿಕೆಗಳಿಗೆ ವರ್ಡ್‌ನಲ್ಲೇ ಇರುವ ಸ್ಟೈಲ್‌ಗಳು ಸಾಕು: ಅಧ್ಯಾಯಕ್ಕೆ ಹೆಡಿಂಗ್ 1, ಭಾಗಕ್ಕೆ ಹೆಡಿಂಗ್ 2, ಉಪಭಾಗಕ್ಕೆ ಹೆಡಿಂಗ್ 3. 3.2.1ರಂಥ ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡದೆ ಮಲ್ಟಿಲೆವೆಲ್ ಪಟ್ಟಿಯಿಂದ ಬರಿಸಿದರೆ, ಮಾರ್ಗದರ್ಶಕರು ಎರಡು ಅಧ್ಯಾಯಗಳನ್ನು ಅದಲುಬದಲು ಮಾಡಿ ಎಂದಾಗ ಗಾಬರಿಯಿಲ್ಲ. ನಾಲ್ಕನೇ ಹಂತ ಬೇಕೆನಿಸಿದರೆ ಅಧ್ಯಾಯವೇ ಸರಿಯಾಗಿ ಹಂಚಿಕೆಯಾಗಿಲ್ಲ ಎಂದು ನನ್ನ ಅಭಿಪ್ರಾಯ.

ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿಗೆ ರೋಮನ್ ಪುಟಸಂಖ್ಯೆ, ಮೊದಲ ಅಧ್ಯಾಯದಿಂದ 1. ನಡುವೆ ಪೇಜ್ ಬ್ರೇಕ್ ಸಾಲದು, ಸೆಕ್ಷನ್ ಬ್ರೇಕ್ ಹಾಕಬೇಕು. ಪುಟಸಂಖ್ಯೆ ಇರುವ ಜಾಗದಲ್ಲಿ, ಹಿಂದಿನ ಭಾಗದೊಂದಿಗೆ ಅದನ್ನು ಜೋಡಿಸಿಡುವ ಲಿಂಕ್ ಟು ಪ್ರೀವಿಯಸ್ ಆಯ್ಕೆಯನ್ನು ತೆಗೆಯಬೇಕು.

ಹೆಚ್ಚು ಸಮಯ ತಿನ್ನುವುದು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳು. ಅವುಗಳ ಆಸ್ಕಿ ಪಠ್ಯವನ್ನು (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ಫಾಂಟಿನ ಆಕಾರ ತೊಡಿಸಿದ್ದು) ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪಬಹುದು, ದೀರ್ಘ ಕಳಚಿಕೊಳ್ಳಬಹುದು. ನಡುವಿನ ಇಂಗ್ಲಿಷ್ ಹೆಸರುಗಳೂ ಕನ್ನಡವೆಂದು ಭಾವಿಸಲ್ಪಟ್ಟು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ಕಡತಕ್ಕೆ ಎತ್ತಿಟ್ಟು, ಅಧ್ಯಾಯವನ್ನು ತುಂಡುತುಂಡಾಗಿ ಪರಿವರ್ತಿಸಿ, ಮೂಲದ ಮುದ್ರಿತ ಪ್ರತಿಯೊಂದಿಗೆ ಕೂಡಲೇ ಹೋಲಿಸಿ ನೋಡುವುದು ನನ್ನ ರೂಢಿ. ‘ಬ್ಯಾಂಕ್‌ನಲ್ಲಿ’ ಎಂಬುದರ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಅದು ಬಿಟ್ಟುಹೋದರೆ ‘ಬ್ಯಾಂಕ್ನಲ್ಲಿ’ ಆಗುತ್ತದೆ, ಹುಡುಕಿದರೆ ಒಂದು ರೂಪ ಸಿಕ್ಕು ಇನ್ನೊಂದು ಸಿಗದಿರಬಹುದು.

ಮುಂಬೈಯ ವಿಷಯ ಎತ್ತಿಕೊಂಡವರಿಗೆ ಮರಾಠಿ ಉದ್ಧರಣೆಗಳು ತಪ್ಪುವುದಿಲ್ಲ. ದೇವನಾಗರಿ ಸಾಲು ನಡುವೆ ಬಂದರೆ ಸಾಲಿನ ಎತ್ತರ ಏರುಪೇರಾಗುತ್ತದೆ. ಹಾಗಾಗಿ ಪಠ್ಯದಲ್ಲಿ ಕನ್ನಡ ಅನುವಾದ ಕೊಟ್ಟು, ಮೂಲವನ್ನು ಅಡಿಟಿಪ್ಪಣಿಗೆ ಹಾಕಿದೆ. ಸಂದರ್ಶನಗಳೆಲ್ಲ ಅನುಬಂಧಕ್ಕೆ: ಹೆಸರು, ಊರು, ತಾರೀಕು, ಯಾವ ಭಾಷೆಯಲ್ಲಿ ನಡೆಯಿತು ಎಂಬುದು ಸೇರಿ. ತುಳುವಿನಲ್ಲಿ ಮಾತಾಡಿದ್ದನ್ನು ಕನ್ನಡದ ಮಾತೆಂಬಂತೆ ಉದ್ಧರಿಸುವುದು ನನಗೆ ಸರಿಕಾಣದು.

ಗ್ರಂಥಸೂಚಿಯನ್ನು ಅಕಾರಾದಿಯಾಗಿ ಯಂತ್ರದಿಂದ ಜೋಡಿಸಿದರೂ ಒಮ್ಮೆ ಕಣ್ಣಾಡಿಸಿ. ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಲಕಾರ ಮುಗಿದ ಕೂಡಲೇ, ವಕಾರಕ್ಕಿಂತ ಮೊದಲೇ ಇದೆ; ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಸಂಕೇತದ ಕ್ರಮವನ್ನೇ ನಂಬುವ ತಂತ್ರಾಂಶ ‘ಕಳ’ವನ್ನು ‘ಕವಿ’ಗಿಂತ ಮುಂದೆ ಕೂರಿಸುತ್ತದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಪದವಿ ಘೋಷಣೆಗೆ ಮೊದಲು ಪ್ರಬಂಧದ ವಿದ್ಯುನ್ಮಾನ ಪ್ರತಿ ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು. ಅದರ ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಅದು ಅಧ್ಯಾಯವಾರು ಪಿಡಿಎಫ್‌ಗಳಾಗಿ ಇರುತ್ತದೆ. ಆಸ್ಕಿ ಫಾಂಟಿನ ಪಿಡಿಎಫ್ ನೋಡಲು ಕನ್ನಡ, ಹುಡುಕಿದರೆ ಏನೂ ಸಿಗದು. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗಿನ ಸಾಮ್ಯ ಶೇ. 10ರೊಳಗಿರಬೇಕು. ಆಕರ ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಉದ್ಧರಣೆಗೆ ಪ್ರತ್ಯೇಕ ಸ್ಟೈಲ್ ಇಟ್ಟುಕೊಂಡರೆ ಅನುಕೂಲ.

ಪಿಡಿಎಫ್ ಮಾಡುವ ಮುನ್ನ ಕಂಟ್ರೋಲ್-ಎ, ನಂತರ ಎಫ್9 ಒತ್ತಿ ಪರಿವಿಡಿ ಹೊಸದಾಗಿಸಿ. ಅಂಗಡಿಗೆ ವರ್ಡ್ ಕಡತ ಒಯ್ಯಬೇಡಿ. ಅಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟಗಳೇ ಸರಿದುಬಿಡುತ್ತವೆ. ಬೆನ್ನುಪಟ್ಟಿಯ ಶೀರ್ಷಿಕೆಯನ್ನೂ ಪಿಡಿಎಫ್ ಆಗಿಯೇ ಕೊಡಿ. ಬೈಂಡರ್‌ಗೆ ಕನ್ನಡ ಬಾರದಿದ್ದರೆ ಒತ್ತಕ್ಷರ ತಲೆಕೆಳಗಾದರೂ ತಿಳಿಯುವುದಿಲ್ಲ, ಬಂಗಾರದ ಅಕ್ಷರ ಒತ್ತುವ ಮುನ್ನ ಕಾಗದದ ಮೇಲೆ ಒಂದು ಮಾದರಿ ಕೇಳಿ ನೋಡಿ.