ಮಗುವಿನ ಖರ್ಚಿನ ಬಾಕಿ ವಸೂಲಾದದ್ದು ಅಮಲ್ಜಾರಿ ಅರ್ಜಿಯಿಂದ

ಕೋರ್ಟಿನ ಡಿಕ್ರಿಯಲ್ಲಿ (ತೀರ್ಪಿನ ಆದೇಶದಲ್ಲಿ) ‘ಶಾಲಾ ಫೀಸು, ಆಸ್ಪತ್ರೆ ಖರ್ಚು ಅರ್ಧರ್ಧ’ ಅಂತಿದ್ದರೂ ಮಗುವಿನ ಇನ್ನೊಬ್ಬ ಪೋಷಕರಿಂದ ದುಡ್ಡು ಬರುತ್ತಿರಲಿಲ್ಲ. ಕೆಲಸ ಮಾಡಿದ್ದು ಒಂದು ಪಟ್ಟಿ: ತಾರೀಕು, ರಸೀದಿ ನಂಬರ್, ಒಟ್ಟು ಮೊತ್ತ, ಅವರ ಪಾಲು. ‘ಫೀಸು 48,000, ಪಾಲು 24,000’, ಹೀಗೆ ಸಾಲುಸಾಲಾಗಿ. ಮಗುವಿನ ಹೆಸರಿಲ್ಲದ ಔಷಧಿ ಬಿಲ್ ಸೇರಿಸಬೇಡಿ. ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ಪಟ್ಟಿ, ರಸೀದಿಗಳ ಜೆರಾಕ್ಸ್ ಸಮೇತ ವಕೀಲರ ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು, 15 ದಿನದ ಗಡುವು ಕೊಟ್ಟು. ಉತ್ತರ ಬರಲಿಲ್ಲ. ಆಮೇಲೆ ಕೌಟುಂಬಿಕ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ (ಡಿಕ್ರಿ ಜಾರಿ ಮಾಡಿಸಿ ಎಂದು ಕೇಳುವ ಅರ್ಜಿ), ಸಂಬಳ ಜಪ್ತಿ ಕೋರಿ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ಜಪ್ತಿಯಿಂದ ರಕ್ಷಣೆ. ಜಪ್ತಿ ಆದೇಶ ಕಂಪನಿಯ ಸಂಬಳ ವಿಭಾಗಕ್ಕೆ ತಲುಪಿದ ಮೇಲೆ ಹಣ ಬಂತು.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಸೆಕ್ಷನ್ನಿನ ತಿಂಗಳ ಜೀವನಾಂಶ ಬಾಕಿಯಿದ್ದರೆ ಎಚ್ಚರ: ಹಣ ಕೊಡಬೇಕಾದ ದಿನದಿಂದ 1 ವರ್ಷದೊಳಗೆ ವಸೂಲಿ ವಾರಂಟ್ ಕೋರಿ ಅರ್ಜಿ ಹಾಕಲೇಬೇಕು. ‘ಮುಂದಿನ ತಿಂಗಳು ಕೊಡ್ತೀನಿ’ ಅನ್ನೋ ಮಾತು ನಂಬಿ ಕೂತರೆ ಆ ದಾರಿ ಮುಚ್ಚುತ್ತದೆ.